ಅಂದಾನಪ್ಪನ ಗಾಡಿಯ ಮಸುಕು ದೀಪ

ಹುನಗುಂದದ ನಮ್ಮ ಓಣಿಯವರಿಗೆ ಬೆಳಗಾದುದನ್ನು ತಿಳಿಸುವುದು ಅಂದಾನಪ್ಪನ ಬಡಿಗೆ. ಎದ್ದವನೇ ಮುಖಕ್ಕೆ ನೀರು ಹಾಕಿಕೊಂಡು, ಚಹಾ ಕುಡಿಯುವ ಮೊದಲೇ, ಜಾಲಿಯ ಬಡಿಗೆಯೊಂದನ್ನು ಹಿಡಿದು ಅಂಗಳಕ್ಕೆ ಬರುತ್ತಾನೆ. ಅಲ್ಲಿ ನಿಂತಿರುವ ಏಳು ಆಸನದ ಬಿಳಿಯ ಗಾಡಿಯ ನಾಲ್ಕೂ ಟೈರುಗಳಿಗೆ ಒಂದೊಂದು ಏಟು ಹಾಕಿ, ತಲೆಯನ್ನು ವಾಲಿಸಿ ಕೇಳುತ್ತಾನೆ. ಗಾಳಿ ಸರಿಯಾಗಿದ್ದರೆ ಸಪ್ಪಳ ಬಿಗಿಯಾಗಿ ಬರುತ್ತದೆ. ಇಳಿದಿದ್ದರೆ ನೆನೆದ ಡೊಳ್ಳಿನ ಹಾಗೆ ಬರುತ್ತದೆ. ಆಮೇಲೆ ಗಾಳಿ ಅಳೆಯುವ ಮೀಟರನ್ನೂ ಹಚ್ಚಿ ನೋಡುತ್ತಾನೆ.

"ಬಡಿಗಿ ಹೇಳಿದ ಮ್ಯಾಲ ಮತ್ತ ಮೀಟರ್ ಯಾಕಪಾ?" ಎಂದು ಹಾದುಹೋಗುವವರು ಕೇಳಿದರೆ, "ಬಡಿಗಿ ನನಗ ಹೇಳ್ತೈತಿ. ಮೀಟರ್ ನಿನಗ ಹೇಳ್ತೈತಿ" ಎನ್ನುತ್ತಾನೆ.

ಅರವತ್ತು ದಾಟಿದರೂ ಅವನಿಗೆ ಒಂದು ಕಡೆ ಕೂಡುವುದು ಗೊತ್ತಿಲ್ಲ. ಊಟಕ್ಕೆ ಕುಳಿತವನು ಅರ್ಧ ರೊಟ್ಟಿಗೆ ಎದ್ದು ಹೊರಗೆ ಹೋಗಿ, ಗಾಡಿಯ ಬಾಗಿಲನ್ನು ಮುಟ್ಟಿ ಬರುತ್ತಾನೆ. ಅವನ ಹೆಂಡತಿ ಶಿವಲಿಂಗವ್ವ ತಟ್ಟೆಯ ಮೇಲೆ ಇನ್ನೊಂದು ತಟ್ಟೆಯನ್ನು ಮುಚ್ಚಿಟ್ಟು ಕಾಯುತ್ತಾಳೆ. "ಇವರಿಗೆ ದೇವರು ಕಾಲು ಮರೆತು ಗಾಲಿ ಹಚ್ಯಾನ" ಎಂಬುದು ಅವಳ ಹಳೆಯ ಮಾತು.

ಅಂದಾನಪ್ಪನ ತಂದೆ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದರು. ಮಗನನ್ನೂ ಕುಣಿಮಗ್ಗಕ್ಕೆ ಕೂಡಿಸಿದರು. ಕುಣಿಯಲ್ಲಿ ಕಾಲು ಇಳಿಬಿಟ್ಟು, ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವವರೆಗೆ ಒಂದೇ ಕಡೆ ಕೂಡುವುದು ಅವನಿಂದ ಆಗಲಿಲ್ಲ. ಲಾಳಿ ಓಡಾಡುತ್ತದೆ, ನಾನೇಕೆ ಕುಳಿತಿರಬೇಕು ಎಂಬುದು ಅವನ ವಾದವಾಗಿತ್ತು. ಒಂದು ದಿನ ಖಣಿಯಿಂದ ಕೆಂಪು ಕಲ್ಲು ಹೇರಿಕೊಂಡು ಹೊರಟಿದ್ದ ಲಾರಿಯನ್ನು ಹತ್ತಿ ಕ್ಲೀನರನಾದನು. ಮುಂದೆ ಚಾಲಕನಾದನು. ಮದುವೆಯಾಗಿ ಹುನಗುಂದಕ್ಕೆ ಬಂದು ನೆಲೆಸಿ, ಸ್ವಂತ ಗಾಡಿ ಮಾಡಿ, ಬಾಡಿಗೆಗೆ ಹೊಡೆಯತೊಡಗಿದನು.

ಲಾರಿಯ ದಿನಗಳಲ್ಲಿ ಅವನು ಕಲಿತುಬಂದ ಒಂದು ಮಾತಿದೆ. "ಎಂಜಿನ್ ಕೆಟ್ರ ಗಾಡಿ ತಾನ ನಿಲ್ತೈತಿ. ದೀಪ, ವೈಪರ್, ಟೈರ್ ಕೆಟ್ರ ನಿಲ್ಲಂಗಿಲ್ಲ, ಓಡ್ತೈತಿ. ಅದಕ್ಕ ಎಂಜಿನ್ ಮಿಸ್ತ್ರಿಗೆ ಬಿಡು, ಈ ಮೂರು ನೀನ ನೋಡ್ಕೋ." ಒಮ್ಮೆ ಜೋರು ಮಳೆಯಲ್ಲಿ ಲಾರಿಯ ವೈಪರು ನಿಂತುಹೋದಾಗ, ಅದರ ಎರಡೂ ಬದಿಗೆ ಸುತಳಿ ಕಟ್ಟಿ, ಒಂದು ತುದಿಯನ್ನು ಚಾಲಕನೂ ಇನ್ನೊಂದನ್ನು ತಾನೂ ಕಿಟಕಿಯಿಂದ ಎಳೆಯುತ್ತ ಊರು ಮುಟ್ಟಿದ್ದನ್ನು ಅವನು ಹೇಳುವಾಗ, ಕೇಳುವವರ ಕೈಗಳೂ ತಾವಾಗಿಯೇ ಎಳೆಯತೊಡಗುತ್ತಿದ್ದವು.

ಹೀಗಾಗಿ ಆ ಮೂರು ಕೆಲಸಗಳು ಅವನ ಮನೆಯ ಕೆಲಸಗಳು. ಟೈರಿನ ಗೆರೆಗಳಲ್ಲಿ ಸಿಕ್ಕಿಕೊಂಡ ಕಲ್ಲಿನ ಚೂರುಗಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆಯುತ್ತಾನೆ. ಗಾಳಿ ತುಂಬುವ ಬಾಯಿಗೆ ಸಾಬೂನಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ನೋಡುತ್ತಾನೆ. ಬಿಸಿಲಲ್ಲಿ ಗಾಡಿ ನಿಲ್ಲಿಸಿದಾಗ ವೈಪರನ್ನು ಗಾಜಿನಿಂದ ಎತ್ತಿ ನಿಲ್ಲಿಸುತ್ತಾನೆ. ನಮ್ಮ ಕಡೆಯ ಬಿಸಿಲಿಗೆ ಕಾದ ಗಾಜಿನ ಮೇಲೆ ಬಿದ್ದುಕೊಂಡ ರಬ್ಬರು ಬೇಗನೆ ಬಿರಿಯುತ್ತದೆ. ಧೂಳು ಕೂತ ಗಾಜಿನ ಮೇಲೆ ನೀರು ಹಾಕದೆ ವೈಪರ್ ಓಡಿಸಿದವರನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. ಹೆಡ್‌ಲೈಟಿನ ಬಲ್ಬನ್ನು ಬರಿಗೈಯಿಂದ ಮುಟ್ಟುವುದಿಲ್ಲ. ಬೆರಳಿನ ಜಿಡ್ಡು ಹತ್ತಿದರೆ ಅದು ಬಾಳುವುದಿಲ್ಲವೆಂದು ಒಗೆದ ಅರಿವೆಯಲ್ಲಿ ಹಿಡಿದು ಕೂಡಿಸುತ್ತಾನೆ. ಪ್ರತಿ ಸೋಮವಾರ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ತನ್ನ ಹಣೆಗೆ ಹಚ್ಚಿದ ವಿಭೂತಿಯನ್ನೇ ಮೂರು ಬೆರಳಿಗೆ ಬಳಿದುಕೊಂಡು ಗಾಡಿಯ ಎರಡೂ ದೀಪಗಳಿಗೆ ಎಳೆಯುತ್ತಾನೆ. ಮರುದಿನ ಅದನ್ನೇ ಒಣ ಅರಿವೆಯಿಂದ ಗಸಗಸ ತಿಕ್ಕಿ ದೀಪ ಬೆಳಗುತ್ತಾನೆ. ಹಿತ್ತಾಳೆಯ ದೀಪದ ಸಮೆ ಬೂದಿಯಿಂದ ಹೊಳೆಯುವಾಗ ಗಾಡಿಯ ದೀಪ ಹೊಳೆಯದೇ ಎಂಬುದು ಅವನ ಲೆಕ್ಕ.

ಇಂಥವನ ಗಾಡಿಗೆ ಈ ವರ್ಷ ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಒಂದು ಕುತ್ತು ಬಂದಿತು.

ಓಣಿಯ ಸಕ್ರವ್ವನನ್ನು ಬಾದಾಮಿಯಿಂದ ಕರೆದುಕೊಂಡು ಬರುತ್ತಿದ್ದನು. ಗುಳೇದಗುಡ್ಡ ದಾಟಿ ಕಮತಗಿಯ ರಸ್ತೆಗೆ ಬಂದಾಗ ಹೊತ್ತು ಮುಳುಗಿತ್ತು, ಇನ್ನೂ ಕತ್ತಲಾಗಿರಲಿಲ್ಲ. ಮುಂದಿನ ಆಸನದಲ್ಲಿ ಕುಳಿತಿದ್ದ ಸಕ್ರವ್ವ ಸುಮ್ಮನೆ ಹೊರಗೆ ನೋಡುತ್ತಿದ್ದವಳು ಒಮ್ಮೆಲೆ, "ಅಣ್ಣಾ, ಟ್ರ್ಯಾಕ್ಟರ್" ಎಂದಳು. ಅಂದಾನಪ್ಪ ಬ್ರೇಕನ್ನು ತುಳಿದನು. ಹಿಂದೆ ಒಂದೂ ದೀಪವಿಲ್ಲದೆ, ಜೋಳದ ಕಣಕಿ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನ ಟ್ರೇಲರು ಮಾರುದೂರದಲ್ಲಿತ್ತು. ಕಣಕಿಯ ತುದಿಗಳು ಗಾಡಿಯ ಮೂತಿಗೆ ಸವರಿದವು.

ಅವನು ಇಳಿದುಹೋಗಿ ಟ್ರ್ಯಾಕ್ಟರಿನವನನ್ನು ಬೈಯಲಿಲ್ಲ. ಬೇರೆ ದಿನವಾಗಿದ್ದರೆ ಬೈಯುತ್ತಿದ್ದನು. ತನ್ನ ಗಾಡಿಯ ದೀಪಗಳ ಮುಂದೆ ಹೋಗಿ ಬಾಗಿ ನಿಂತು, ಅಂಗೈಯಿಂದ ಒರೆಸಿ, "ದೀಪ ಮಂಜಾಗ್ಯಾವ ಸಕ್ರವ್ವ. ನಾಳೆ ಬಲ್ಬ್ ಬದಲಿ ಮಾಡ್ತೇನಿ" ಎಂದನು. ಊರು ಮುಟ್ಟುವವರೆಗೆ ಎತ್ತಿನ ಬಂಡಿಯ ಹಾಗೆ ಗಾಡಿಯನ್ನು ಹೊಡೆದನು.

ಮನೆಯಲ್ಲಿ ಅವನು ಇದನ್ನು ಹೇಳಲಿಲ್ಲ. ಶಿವಲಿಂಗವ್ವನಿಗೆ ತಿಳಿದುದು ಹಿಟ್ಟಿನ ಗಿರಣಿಯಲ್ಲಿ. ಜೋಳದ ಡಬ್ಬಿಯನ್ನು ಸರದಿಗೆ ಇಟ್ಟು ಕುಳಿತಾಗ ಸಕ್ರವ್ವ ಹತ್ತಿರ ಸರಿದಳು.

"ಅಕ್ಕಾ, ಒಂದ್ ಮಾತ ಹೇಳ್ತೇನಿ, ಸಿಟ್ಟ ಆಗಬ್ಯಾಡ."

"ಹೇಳವಾ."

"ಅಣ್ಣಗ ಆವತ್ತು ಬಾದಾಮಿಯಿಂದ ಬರೂಮುಂದ ಟ್ರ್ಯಾಕ್ಟರ್ ಕಾಣಲಿಲ್ಲ. ಸಣ್ಣದಲ್ಲಕ್ಕ, ಕಣಕಿ ಬಣವಿನ ಹೊಂಟಂಗಿತ್ತು. ನಾ ಅಂದ ಮ್ಯಾಲ ಬ್ರೇಕ್ ಹಾಕಿದ."

ಶಿವಲಿಂಗವ್ವ ಸ್ವಲ್ಪ ಹೊತ್ತು ಗಿರಣಿಯ ಪಟ್ಟಿ ತಿರುಗುವುದನ್ನೇ ನೋಡಿದಳು. "ಬರೂ ಮಂಗಳವಾರ ಮೊಮ್ಮಗನ ಜವಳಕ್ಕ ಬನಶಂಕರಿಗೆ ಹೊಂಟೀರಲ್ಲ, ಬ್ಯಾರೆ ಗಾಡಿ ಹೇಳಬಾರದ?" ಎಂದಳು.

"ಬ್ಯಾರೆ ಗಾಡಿ ಯಾಕ ಹೇಳ್ಲಿ? ಬ್ಯಾರೆಯವ್ರಿಗೆ ಹಾಡ ಹಚ್ಚೂದೊಂದ ಗೊತ್ತು. ನನ್ನ ಮಗಳನ್ನ ಗಂಡನ ಮನಿಗೆ ಕಳಿಸಿದ್ದು ಅಣ್ಣನ ಗಾಡಿಯಾಗ. ಸೊಸಿ ಕೂಸಿನ್ನ ತಗೊಂಡ ಬಂದದ್ದು ಅಣ್ಣನ ಗಾಡಿಯಾಗ. ಜವಳಕ್ಕ ಬ್ಯಾರೆದ್ರಾಗ ಹೋದ್ರ ದೇವಿ ನನ್ನ ಕೇಳ್ತಾಳ. ನೀ ಅವಂಗ ದೀಪ ನೆಟ್ಟಗ ಮಾಡ್ಸು ಅನ್ನು, ಅಷ್ಟ ಸಾಕು."

ಅಂದಿನಿಂದ ಶಿವಲಿಂಗವ್ವನ ಮನಸ್ಸಿಗೆ ನೆಮ್ಮದಿ ಹೋಯಿತು. ಗಂಡ ಚಹಾದ ಬಟ್ಟಲನ್ನು ಕಟ್ಟೆಯ ಅಂಚಿಗೆ, ಇನ್ನೇನು ಬೀಳುವಂತೆ ಇಡುವುದನ್ನು ನೋಡಿದಳು. ಬಿಸಿಲಿಗೆ ಬಂದಾಗ ಒಂದು ಕಣ್ಣನ್ನು ಕಿರಿದು ಮಾಡುವುದನ್ನು ನೋಡಿದಳು. ಕೂಸಿನ ಜವಳಕ್ಕೆ ಹೋಗುವ ಗಾಡಿಯನ್ನು ಎಂಥ ಕಣ್ಣು ನಡೆಸಲಿದೆಯೆಂಬ ಪ್ರಶ್ನೆ ಅವಳ ಜೊತೆಗೆ ಬಚ್ಚಲಿಗೂ ಅಡುಗೆಮನೆಗೂ ತಿರುಗಾಡತೊಡಗಿತು.

ಅಂದಾನಪ್ಪ ಹೊಸ ಬಲ್ಬುಗಳನ್ನು ತಂದು, ಅರಿವೆಯಲ್ಲಿ ಹಿಡಿದು ಕೂಡಿಸಿದನು. ಮುಚ್ಚಂಜೆಗೆ ಹಚ್ಚಿ ನೋಡಿ, "ಇವೂ ಹಂಗ ಅದಾವ. ಈಗಿನ ಮಾಲ ಖರೆ ಬರಂಗಿಲ್ಲ" ಎಂದನು. ಮರುದಿನ ಫ್ಯೂಸನ್ನು ತೆಗೆದು ಒರೆಸಿ ಹಾಕಿದನು. ಬ್ಯಾಟರಿಯ ತುದಿಗಳಿಗೆ ಹಿಡಿದ ಬಿಳಿಯ ಪುಡಿಯನ್ನು ಬಿಸಿನೀರಿನಿಂದ ತೊಳೆದನು. ಅಷ್ಟರಲ್ಲಿ ಒಂದು ಮಳೆ ಬಂದಿತು. ಅಮೀನಗಡದವರೆಗೆ ಹೋಗಿ ಬಂದವನು ಗಾಡಿಯಿಂದ ಇಳಿಯುತ್ತಲೇ ವೈಪರಿನ ರಬ್ಬರನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದನು.

"ಗಾಜಿನ ತುಂಬ ಹಾಲ ಬಳದಂಗ ಮಾಡ್ತೈತಿ. ಎದುರಿನ ಗಾಡಿ ದೀಪಕ್ಕ ಹೂವಿನ ಎಸಳ ಮೂಡಿದಂಗ ಕಾಣ್ತಾವ."

"ಹೋದ ತಿಂಗಳರ ಹಾಕೀರಿ ಆ ರಬ್ಬರು," ಎಂದಳು ಶಿವಲಿಂಗವ್ವ.

"ರಬ್ಬರಿಗೆ ತಿಂಗಳ ಗೊತ್ತಿರ್ತೈತೇನ?"

"ನಿಮ್ಮ ಕಣ್ಣಿಗೆ ವರ್ಷ ಗೊತ್ತಿರ್ತಾವ. ಒಮ್ಮೆ ಬಾಗಲಕೋಟಿಗೆ ಹೋಗಿ ತೋರ್ಸಿ ಬರೂಣು. ರೋಹಿಣಿ ವಿದ್ಯಾಗಿರ್ಯಾಗ ಅದಾಳ, ಮಗಳ ಮನ್ಯಾಗ ಒಂದ ದಿನ ಇದ್ದಂಗೂ ಆತು."

ಅವನು ಸಿಟ್ಟಾದನು. ಮನೆಯಲ್ಲಿ ಸಿಟ್ಟಾದಾಗ ಅವನು ದನಿ ಏರಿಸುವುದಿಲ್ಲ, ನಡೆಯತೊಡಗುತ್ತಾನೆ. ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು, ತಿರುಗಿ ಬಂದು ಹೇಳಿದನು: "ನನ್ನ ಕಣ್ಣಿಗೆ ಏನಾಗೈತಿ? ಅಲ್ಲಿ ವೈರ್ ಮ್ಯಾಲ ಕುಂತ ಕಾಗಿ ಕಾಣ್ತೈತಿ."

"ಅದು ಕಾಗಿ ಅಲ್ರಿ, ಹರಕ ಗಾಳಿಪಟ."

ಅವನು ಮತ್ತೊಮ್ಮೆ ಅಂಗಳವನ್ನು ಅಳೆದನು. ಆಮೇಲೆ ಗಾಡಿಯ ಕೀಲಿಯನ್ನು ಕೈಗೆ ತೆಗೆದುಕೊಂಡು, "ಇಳಕಲ್ಲಿಗೆ ಹೋಗಿ ಅಫ್ಸರಗ ತೋರ್ಸ್ತೇನಿ. ಇದು ದೀಪದ್ದ ಮಾತು" ಎಂದನು. ಶಿವಲಿಂಗವ್ವ ಚಪ್ಪಲಿ ಮೆಟ್ಟಿಕೊಂಡು ತಾನೂ ಗಾಡಿಯಲ್ಲಿ ಕುಳಿತಳು. ಅವಳನ್ನು ಇಳಿಸುವ ಧೈರ್ಯ ಅವನಿಗೆ ಆಗಲಿಲ್ಲ. ದಾರಿಯುದ್ದಕ್ಕೂ ಅವಳು, "ಎಮ್ಮಿ ಬಂತ್ರಿ," "ಸೈಕಲ್ ಐತ್ರಿ" ಎನ್ನುತ್ತಲೇ ಇದ್ದಳು. ಅವನು, "ಕಂಡೈತಿ, ಕಂಡೈತಿ" ಎನ್ನುತ್ತಲೇ ಇದ್ದನು.

ಅಫ್ಸರನದು ಇಳಕಲ್ಲಿನಲ್ಲಿ ಪಂಕ್ಚರಿನ ಅಂಗಡಿ, ಹಿಂದೆಯೇ ಮನೆ. ಲಾರಿಯ ದಿನಗಳಲ್ಲಿ ಅಂದಾನಪ್ಪನಿಗೆ ಕ್ಲೀನರನಾಗಿ ಬಂದವನು. ಟೈರಿನ ಕೆಲಸವನ್ನೂ ದೀಪ ನೋಡುವುದನ್ನೂ ಅವನಿಂದಲೇ ಕಲಿತವನು. ಈಗ ಇಬ್ಬರ ತಲೆಯೂ ಬೆಳ್ಳಗಾದುದರಿಂದ ಗುರು ಶಿಷ್ಯರ ಭೇದ ಉಳಿದಿಲ್ಲ.

"ಬಾರಲೇ ಅಂದಾನ್ಯಾ. ಅಕ್ಕಾರ, ನೀವೂ ಬಂದ್ರಿ? ಹಂಗಾರ ಕೇಸ್ ದೊಡ್ಡದೈತಿ."

ಅಂದಾನಪ್ಪ ಬಲ್ಬು, ಫ್ಯೂಸು, ಬ್ಯಾಟರಿ ಎಲ್ಲವನ್ನೂ ಹೇಳಿದನು. ಅಫ್ಸರ ಕೇಳುತ್ತ ಕೇಳುತ್ತ ದೀಪದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಅದರ ಮೇಲೆ ಉಗುರನ್ನು ಎಳೆದನು. ಬಾಯಿಯ ಆವಿ ಬಿಟ್ಟು ಒರೆಸಿದನು. ಆಮೇಲೆ ನಗತೊಡಗಿದನು.

"ಇದಕ್ಕ ಏನ ಹಚ್ಚಿ ತಿಕ್ಕೀದಿ?"

"ಏನೂ ಇಲ್ಲ. ಸ್ವಾಮಾರ ವಿಭೂತಿ ಹಚ್ತೇನಿ, ಮರುದಿನ ಒರಸ್ತೇನಿ."

"ಒಣಾ ಅರಿವಿ?"

"ಹೂಂ. ಲಾರಿಗೂ ಹಂಗ ಮಾಡ್ತಿದ್ನಲ್ಲ, ನೀನ ನೋಡೀದಿ."

"ಲಾರಿ ದೀಪ ಗಾಜಿಂದಲೇ. ಇದು ಪ್ಲಾಸ್ಟಿಕ್. ಮ್ಯಾಲ ನಮ್ಮೂರ ಖಣಿ ಧೂಳ ಕುಂತಿರ್ತೈತಿ. ವಿಭೂತಿ ಜೋಡಿ ಅದನ್ನೂ ತಿಕ್ಕಿ ತಿಕ್ಕಿ ಮೈತುಂಬ ಗೀರ ಮಾಡೀದಿ. ಹಣಿಗೆ ಹಚ್ಕೋ, ಬ್ಯಾಡನ್ನಂಗಿಲ್ಲ. ದೀಪದ ತ್ವಾಲು ಭಾಳ ಮೆತ್ತಗ."

ಶಿವಲಿಂಗವ್ವ ಬಾಗಿ ನೋಡಿದಳು. ಹೌದು, ಹಳೆಯ ಸ್ಟೀಲು ತಟ್ಟೆಯ ಹಾಗೆ ಎರಡೂ ದೀಪಗಳು ಗೀರು ಗೀರಾಗಿ ಮಬ್ಬಾಗಿದ್ದವು. ಅವಳ ಎದೆಯ ಮೇಲಿನ ಕಲ್ಲೊಂದು ಇಳಿದಂತಾಯಿತು. ಗಂಡನನ್ನು ಸುಮ್ಮಸುಮ್ಮನೆ ಕುರುಡನನ್ನಾಗಿ ಮಾಡಿದೆನಲ್ಲ ಎಂದುಕೊಂಡಳು. ಅಂದಾನಪ್ಪ ಅವಳ ಕಡೆಗೆ ತಿರುಗಿ, "ಕೇಳಿದೇನ? ದೀಪದ್ದ ಮಾತು" ಎಂದನು. ಅಷ್ಟು ಹೊತ್ತಿನಲ್ಲಿ ಅವನು ಮೊದಲ ಸಲ ಅಂಗಡಿಯ ಬಾಕಿನ ಮೇಲೆ ಕುಳಿತನು. ಕುಳಿತವನು ಕೂಡಲೇ ಎದ್ದನು.

ಗೆಳೆಯರಿಬ್ಬರೂ ಕೆಲಸಕ್ಕೆ ಇಳಿದರು. ಮೊದಲು ದೀಪಗಳನ್ನು ಸಾಬೂನಿನ ನೀರಿನಿಂದ ತೊಳೆದು, ಧೂಳಿನ ಕಣವೊಂದೂ ಉಳಿಯದಂತೆ ಮಾಡಿದರು. ಸುತ್ತಲಿನ ಬಣ್ಣಕ್ಕೆ ಪೆಟ್ಟಾಗದಂತೆ ಟೇಪು ಹಚ್ಚಿದರು. ನುಣುಪಾದ ವಾಟರ್ ಪೇಪರನ್ನು ನೀರಿನಲ್ಲಿ ನೆನೆಯಿಟ್ಟು, ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿದರು. ಬೆಳ್ಳನೆಯ ಕಲಕು ನೀರು ಇಳಿಯಿತು. ಕೊನೆಗೆ ಅಫ್ಸರ ಒಳಗೆ ಹೋಗಿ ಹಲ್ಲಿಗೆ ಹಚ್ಚುವ ಪೇಸ್ಟನ್ನು ತಂದನು. ಅವನ ಹಿಂದೆಯೇ ಅವನ ಹೆಂಡತಿ ಖೈರುನಬಿ ಚಹಾ ತಂದಳು.

"ಅಣ್ಣಾರ, ನಿಮ್ಮ ಗಾಡಿ ಹಲ್ಲ ತಿಕ್ಕಿಸ್ಕೊಂಡ ಹೋಗ್ತೈತಿ. ನಾಳೆ ನಮ್ಮ ಮಂದಿ ಹಲ್ಲಿಗೆ ಏನ್ ಹಚ್ಚೂದು?"

"ನಮ್ಮ ಮನಿಂದ ವಿಭೂತಿ ಕಳಿಸ್ತೇನಿ, ತಂಗಿ," ಎಂದನು ಅಂದಾನಪ್ಪ. ಎಲ್ಲರೂ ನಕ್ಕರು.

ಪೇಸ್ಟು ಹಚ್ಚಿ, ಹಸಿ ಅರಿವೆಯಿಂದ ದುಂಡಗೆ ದುಂಡಗೆ ತಿಕ್ಕಿ ತೊಳೆದಾಗ ದೀಪಗಳು ತಿಳಿಯಾದವು. ಒಳಗಿನ ಬಲ್ಬಿನ ಸಣ್ಣ ತಂತಿಯೂ ಕಾಣುವಂತಾಯಿತು. ಅಫ್ಸರನಿಗೆ ಕಂಡಿತು, ಶಿವಲಿಂಗವ್ವನಿಗೆ ಕಂಡಿತು. ಅಂದಾನಪ್ಪನೂ ಬಾಗಿ ನೋಡಿ, "ಹೂಂ" ಎಂದನು.

ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಬಲ್ಬು ಬದಲಾಯಿಸಿದ ಮೇಲೆ ಬೆಳಕಿನ ಎತ್ತರವನ್ನು ಗೋಡೆಗೆ ಹಿಡಿದು ನೋಡದೆ ಗಾಡಿಯನ್ನು ರಸ್ತೆಗೆ ತರಬಾರದೆಂಬುದು ಅಂದಾನಪ್ಪನದೇ ಕಟ್ಟಳೆ. ಅಫ್ಸರನಿಗೂ ಅದನ್ನು ಅವನೇ ಕಲಿಸಿದ್ದನು. ಅಂಗಡಿಯ ಎದುರಿನ ಉಗ್ರಾಣದ ಸುಣ್ಣದ ಗೋಡೆಯ ಹತ್ತಿರಕ್ಕೆ ಗಾಡಿಯನ್ನು ಒಯ್ದು, ದೀಪಗಳ ಎತ್ತರಕ್ಕೆ ಸರಿಯಾಗಿ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆದರು. ಗಾಡಿಯನ್ನು ಹಿಂದಕ್ಕೆ ತೆಗೆದು ದೀಪ ಹಚ್ಚಿದರು. ಬೆಳಕಿನ ಮೇಲಂಚು ಆ ಗೆರೆಯ ಸ್ವಲ್ಪ ಕೆಳಗೆ ನಿಲ್ಲಬೇಕು. ಮೇಲೇರಿದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಒಂದು ದೀಪಕ್ಕೆ ಗೋಣಿಚೀಲವನ್ನು ಅಡ್ಡ ಹಿಡಿದು ಇನ್ನೊಂದನ್ನು ನೋಡಬೇಕು. ಎರಡೂ ಕೂಡಿದಾಗ ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ.

ಅಫ್ಸರ ಗೋಣಿಚೀಲ ಹಿಡಿದನು. ಅಂದಾನಪ್ಪ ಗಾಡಿಯ ಪಕ್ಕದಲ್ಲಿ ನಿಂತು ಗೋಡೆಯನ್ನು ನೋಡಿದನು.

"ಹೇಳು, ಅಂಚು ಎಲ್ಲೈತಿ?" ಎಂದು ಅಫ್ಸರ ಕೇಳಿದನು. "ನೀ ಹೇಳಿದಂಗ ಸ್ಕ್ರೂ ತಿರುವ್ತೇನಿ."

ಅಂದಾನಪ್ಪ ಕಣ್ಣು ಕಿರಿದು ಮಾಡಿದನು. ಗೋಡೆಯ ಮೇಲೆ ಬೆಳಕಿತ್ತು. ಅದಕ್ಕೆ ಅಂಚಿರಲಿಲ್ಲ. ಸೀಮೆಸುಣ್ಣದ ಗೆರೆಯೂ ಬೆಳಕಿನೊಳಗೆ ಕರಗಿಹೋಗಿತ್ತು.

"ಆ ಚೀಲ ಈ ಕಡೆ ಹಿಡಿ," ಎಂದನು. ಅಫ್ಸರ ಇನ್ನೊಂದು ದೀಪಕ್ಕೆ ಹಿಡಿದನು. ಗೋಡೆಯ ಮೇಲಿನ ಬೆಳಕು ಹಾಗೆಯೇ ಉಳಿಯಿತು.

"ಇನ್ನೂ ಮಸಕ ಐತಿ. ಪೇಸ್ಟ ಸರಿಯಾಗಿ ತೊಳದಿಲ್ಲ."

"ಮಸಕೆಲ್ಲೈತಿ? ಗೆರಿ ಕೊರದಂಗ ನಿಂತೈತೆಲ್ಲ. ಅಕ್ಕಾರ, ನೀವ ಹೇಳ್ರಿ."

ಶಿವಲಿಂಗವ್ವ ಗೋಡೆಯ ಕಡೆಗೆ ನೋಡಿದಳು. ಅವಳಿಗೆ ಅಂಚು ಕತ್ತರಿಸಿದಂತೆ ಕಾಣುತ್ತಿತ್ತು. ಆದರೆ ಆ ಮಾತನ್ನು ಆಗ ತಾನು ಹೇಳಬಾರದೆಂದು ಅವಳಿಗೆ ಅನಿಸಿತು. ಒಂದು ಮಧ್ಯಾಹ್ನದ ಮಟ್ಟಿಗೆ ಇಳಿದಿದ್ದ ಕಲ್ಲು ಮತ್ತೆ ಎದೆಗೇರಿತು.

ಅಂದಾನಪ್ಪ ಗೋಡೆಯ ಹತ್ತಿರ ಹೋದನು, ಹಿಂದಕ್ಕೆ ಬಂದನು, ಗಾಡಿಯ ಈ ಬದಿಗೆ ನಿಂತನು, ಆ ಬದಿಗೆ ನಿಂತನು. ಆಮೇಲೆ, ದೀಪಕ್ಕೆ ಗೋಣಿಚೀಲ ಹಿಡಿಯುವಂತೆಯೇ, ತನ್ನ ಎಡಗಣ್ಣಿನ ಮೇಲೆ ಅಂಗೈಯನ್ನು ಅಡ್ಡ ಹಿಡಿದನು. ಬೆಳಕಿಗೆ ಅಂಚು ಬಂದಿತು. ತುಸು ಮಂದವಾಗಿತ್ತು, ಆದರೂ ಅಂಚಿತ್ತು. ಅಂಗೈಯನ್ನು ಬಲಗಣ್ಣಿಗೆ ಸರಿಸಿದನು. ಗೋಡೆಯು ಹಾಲಿನಲ್ಲಿ ಮುಳುಗಿತು.

ಅವನು ಕೈಯನ್ನು ಹಾಗೆಯೇ ಹಿಡಿದುಕೊಂಡು ಬಹಳ ಹೊತ್ತು ನಿಂತನು. ಅಷ್ಟು ಹೊತ್ತು ಅವನು ಅಲುಗಾಡದೆ ನಿಂತುದನ್ನು ಶಿವಲಿಂಗವ್ವ ಮದುವೆಯಾದಾಗಿನಿಂದ ಕಂಡಿರಲಿಲ್ಲ.

"ಅಫ್ಸರ್, ದೀಪ ಆರಸು," ಎಂದನು ಕೊನೆಗೆ. "ದೀಪ ಬರೋಬರಿ ಅದಾವ."

ಅಫ್ಸರನಿಗೆ ಆಗ ತಿಳಿಯಿತು. ಚೀಲವನ್ನು ಮಡಚಿ, "ಪೊರಿ ಬಂದಿರ್ತೈತಿ. ನಮ್ಮ ಅಬ್ಬಾಗೂ ಬಂದಿತ್ತು. ತಗಸಿದ್ರ ಆತು" ಎಂದನು.

"ತಗಸೂದು ಆಮ್ಯಾಲಿನ ಮಾತು. ಜವಳದ ಮಂಗಳವಾರ ನಾಡಿದ್ದ ಐತಿ," ಎಂದನು ಅಂದಾನಪ್ಪ.

ಹುನಗುಂದಕ್ಕೆ ಮರಳುವಾಗ ಅಫ್ಸರ ಗಾಡಿಯನ್ನು ನಡೆಸಿದನು. ಅಂದಾನಪ್ಪ ತನ್ನದೇ ಗಾಡಿಯ ಎಡಗಡೆಯ ಆಸನದಲ್ಲಿ ಕುಳಿತನು. ಎದುರಿಗೆ ದೀಪ ಕಂಡಾಗಲೆಲ್ಲ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು.

"ಲೇ, ನೀ ಒತ್ತಿ ಒತ್ತಿ ನನ್ನ ಗಾಡಿಗೆ ತಳಾ ಕಿತ್ತೀ," ಎಂದನು ಅಫ್ಸರ.

"ನಿನ್ನ ಗಾಡಿ ಯಾವಾಗ ಆತು?"

"ಸ್ಟೇರಿಂಗ್ ಯಾರ ಕೈಯಾಗಿರ್ತೈತಿ ಗಾಡಿ ಅವರದು. ಇದೂ ನೀನ ಕಲಿಸಿದ್ದು."

ಮನೆ ಮುಟ್ಟಿದ ಮೇಲೆ ಅಂದಾನಪ್ಪ ಒಳಗೆ ಹೋಗಲಿಲ್ಲ. ನೇರವಾಗಿ ಸಕ್ರವ್ವನ ಮನೆಯ ಕಟ್ಟೆಯ ಮುಂದೆ ಹೋಗಿ ನಿಂತನು. ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಆಡಿಸುತ್ತಿದ್ದಳು. ಜವಳದ ಕೂದಲು ಕಿವಿಯವರೆಗೆ ಇಳಿದಿತ್ತು.

"ಸಕ್ರವ್ವ, ಮಂಗಳವಾರ ನಾ ಗಾಡಿ ಹೊಡಿಯಂಗಿಲ್ಲ. ನನ್ನ ಎಡಗಣ್ಣ ಹೋಗೈತಿ."

ಅವಳು ಕೂಸನ್ನು ಎದೆಗೆ ಎತ್ತಿಕೊಂಡಳು. "ಪೂರಾ ಹೋಗೈತೇನಣ್ಣ?" ಎಂದಳು.

"ಮಸಕ ಆಗೈತಿ."

"ಅಷ್ಟ ಹೌದಲ್ಲ? ನಾವು ಹಗಲ ಹೋಗಿ ಹಗಲ ಬರೂಣು. ನಸಕಿನ್ಯಾಗ ಬ್ಯಾಡ, ಬಿಸಿಲ ಬಿದ್ದ ಮ್ಯಾಲ ಹೊಂಡೂಣು. ಹೊತ್ತ ಮುಳುಗೂದ್ರಾಗ ಮನ್ಯಾಗ ಇರೂಣು. ಬಾಜೂಕ ನಾ ಕುಂತ ಹೇಳ್ತೀನಿ, ಎಮ್ಮಿ ಬಂತು, ಟ್ರ್ಯಾಕ್ಟರ್ ಬಂತು ಅಂತ."

ಆ ಮಾತು ಅವನ ಕಾಲನ್ನು ಕಟ್ಟಿಹಾಕಿತು. ಹಗಲಿನಲ್ಲಿ ಅವನಿಗೆ ದಾರಿ ಕಾಣುತ್ತದೆ. ಆ ದಾರಿಯ ತಿರುವುಗಳೆಲ್ಲ ಕೈಗೆ ಗೊತ್ತು. ಬಲಗಣ್ಣು ಇದೆ. ಒಮ್ಮೆ ಹೋಗಿ ಬಂದು, ಮರುದಿನವೇ ದವಾಖಾನೆಗೆ ಹೋದರಾಯಿತು. ಯಾರಿಗೂ ಏನೂ ತಿಳಿಯುವುದಿಲ್ಲ. "ನೋಡೂಣು" ಎಂದು ಹೇಳಿ ಮನೆಗೆ ಬಂದನು.

ಶಿವಲಿಂಗವ್ವ ಊಟಕ್ಕೆ ನೀಡಿದಳು. ಅವಳು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಅವನು ಎದ್ದು ಹೋಗಿ ಗಾಡಿಯನ್ನು ಮುಟ್ಟಿ ಬಂದನು. ಮತ್ತೆ ಹೋದನು. ಮರುದಿನ ಮುಂಜಾನೆ ಬಡಿಗೆಯ ಸಪ್ಪಳ ಓಣಿಗೆ ಎರಡು ಸುತ್ತು ಕೇಳಿಸಿತು. ಪಕ್ಕದ ಗಾಳೆಪ್ಪನ ಮನೆಯವರು, ಈ ಅಜ್ಜನಿಗೆ ಇಂದು ಏನಾಗಿದೆಯೆಂದು ಬಾಗಿಲು ತೆರೆದು ನೋಡಿದರು.

ಅಂದು ನಡುಹಗಲಿಗೆ ಪಡುವಣದಿಂದ ಮೋಡವೊಂದು ಎದ್ದಿತು. ಗಾಳಿಯೊಡನೆ ಕೆಂಪು ಧೂಳು ಬಂದು, ಅದರ ಹಿಂದೆ ಮಳೆ ಬಂದಿತು. ನೋಡುನೋಡುತ್ತಿದ್ದಂತೆ ಹಗಲು ಸಂಜೆಯಾಯಿತು. ಅಂದಾನಪ್ಪ ಪಡಸಾಲೆಯಲ್ಲಿ ನಿಂತು, ಎದುರುಮನೆಯ ಬಾಗಿಲನ್ನು ಹುಡುಕಿದನು. ಬಾಗಿಲಿದ್ದ ಜಾಗದಲ್ಲಿ ಬೂದುಬಣ್ಣ ಮಾತ್ರ ಇತ್ತು.

ಮಳೆ ನಿಂತ ಕೂಡಲೇ ಅವನು ಸಕ್ರವ್ವನಲ್ಲಿಗೆ ಹೋದನು. ಈ ಸಲ ಕಟ್ಟೆಯ ಮೇಲೆ ಕುಳಿತೇ ಮಾತಾಡಿದನು.

"ಹಗಲ ನನ್ನ ಕೈಯಾಗಿಲ್ಲ. ಮ್ವಾಡ ಹಾಕಿದ್ರ ಅದೂ ಸಂಜಿನ. ಅಫ್ಸರಗ ಹೇಳೇನಿ, ಅಂವ ಬರ್ತಾನ."

"ನೀ ಇಲ್ಲಾಂದ್ರ ನಾ ಹೋಗಂಗಿಲ್ಲ. ಮುಂದಿನ ತಿಂಗಳ ಹಾಕ್ತೀನಿ."

"ಮುಂದ ಹಾಕಬ್ಯಾಡ. ನನ್ನ ಗಾಡಿ ಬೇಕು ಅಂತೀ, ಗಾಡಿ ನಂದ ಬರ್ತೈತಿ. ಟೈರು ನಾನ ನೋಡಿರ್ತೇನಿ, ವೈಪರ್ ನಾನ ಹಾಕಿರ್ತೇನಿ, ದೀಪ ನಾ ತಿಕ್ಕೇನಿ. ಕಣ್ಣ ಒಂದ ಅಫ್ಸರಂದು."

ಸಕ್ರವ್ವ ಕೂಸಿನ ತಲೆಯನ್ನು ಸವರುತ್ತ ಕುಳಿತಳು. "ಅಂವ ಹಾಡ ಹಚ್ಚಬಾರದು ನೋಡು," ಎಂದಳು ಕೊನೆಗೆ.

ಮಂಗಳವಾರ ಬೆಳಿಗ್ಗೆ ಗಾಡಿ ಬನಶಂಕರಿಗೆ ಹೊರಟಿತು. ಸಕ್ರವ್ವ ಮುಂದೆ ಕುಳಿತಳು; ಹಿಂದೆ ಮಗ, ಸೊಸೆ, ಕೂಸು. ಅಂದಾನಪ್ಪ ಸ್ಟೆಪ್ನಿಯ ಗಾಳಿಯನ್ನೂ ನೋಡಿ, ಗಾಜಿಗೆ ನೀರು ಚಿಮ್ಮಿಸುವ ಡಬ್ಬಿಯನ್ನು ತುಂಬಿ, ಹಿಂದಿನ ಕೆಂಪು ದೀಪಗಳು ಹತ್ತುತ್ತವೆಯೋ ಎಂದು ಅಫ್ಸರನಿಂದ ಬ್ರೇಕು ಒತ್ತಿಸಿ ನೋಡಿದ್ದನು. ಗಾಡಿ ಓಣಿಯ ತಿರುವಿನಲ್ಲಿ ಮರೆಯಾದ ಮೇಲೂ ಕೀಲಿಯಿಲ್ಲದ ಕಿಸೆಯನ್ನು ಎರಡು ಸಲ ಮುಟ್ಟಿಕೊಂಡನು. ಶಿವಲಿಂಗವ್ವ ಚೀಲ ಹಿಡಿದು ಬಂದು, "ಬಸ್ ತಪ್ಪಿಸ್ಬ್ಯಾಡ್ರಿ" ಎಂದಳು.

ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ಜನ ಬಹಳವಿದ್ದರು. ನರ್ಸಮ್ಮ ಬಂದು ಎರಡೂ ಕಣ್ಣಿಗೆ ಔಷಧಿಯ ಹನಿ ಹಾಕಿ, "ಅಜ್ಜಾರ, ಕಣ್ಣ ಮುಚ್ಚಿ ಸುಮ್ನ ಕುಂದರ್ರಿ. ಕರೀತೇವಿ" ಎಂದು ಹೋದಳು. ಕಣ್ಣು ಮುಚ್ಚುವುದು, ಸುಮ್ಮನೆ ಕೂಡುವುದು, ಎರಡನ್ನೂ ಒಮ್ಮೆಲೆ ಮಾಡೆಂದು ಯಾರೂ ಅವನಿಗೆ ಈವರೆಗೆ ಹೇಳಿರಲಿಲ್ಲ. ಅವನು ತೊಡೆ ಅಲುಗಿಸಿದನು. ಬಾಕಿನ ಅಂಚನ್ನು ಬೆರಳಿನಿಂದ ಬಾರಿಸಿದನು. ಪಕ್ಕದಲ್ಲಿದ್ದ ಮುದುಕನೊಬ್ಬನು ತುಸು ಸರಿದು ಕುಳಿತನು.

ತಗಡಿನ ಮೇಲೆ ಸಪ್ಪಳವಾಯಿತು.

"ಮಳಿ ಬಂತೇನ?"

"ಬಂತ್ರಿ," ಎಂದಳು ಶಿವಲಿಂಗವ್ವ.

"ದಪ್ಪ ಹನಿಯೋ, ಸಣ್ಣ ಹನಿಯೋ?"

"ಸಣ್ಣ ಹನಿ."

"ಸಣ್ಣ ಹನಿಗೆ ವೈಪರ್ ಸಾವಕಾಶ ಇಡಬೇಕು. ಅಫ್ಸರ್ಯಾ ಜೋರ ಇಡ್ತಾನ, ರಬ್ಬರ್ ಒಣಾ ಗಾಜಿಗೆ ತಿಕ್ಕತೈತಿ. ಅಂವಗ ಫೋನ್ ಹಚ್ಚು."

"ಗಾಡಿ ಹೊಡಿಯಾವ್ರಿಗೆ ಫೋನ್ ಹಚ್ಚಬಾರದು ಅಂತ ಊರಿಗೆಲ್ಲ ಹೇಳಿದವ್ರು ನೀವ."

ಅವನು ಮತ್ತೆ ಬಾಕಿನ ಅಂಚನ್ನು ಬಾರಿಸಿದನು. ಸ್ವಲ್ಪ ಹೊತ್ತಿಗೆ, "ಕೂಸಿನ್ನ ಹಿಂದ ಕುಂದರಿಸ್ಯಾರೋ ಇಲ್ಲೋ" ಎಂದನು.

"ಹಿಂದ ಐತಿ. ನೀವ ಬಾಗಲಾ ಹಾಕೀರಿ."

"ಕಮತಗಿ ದಾಟಿ ರಸ್ತೆ ಮ್ಯಾಲ..."

"ಅಫ್ಸರಣ್ಣಗ ಕಣ್ಣದಾವ್ರೀ. ಕಾಣ್ತಾವ." ಅವಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಮೊಣಕಾಲು ಇನ್ನೂ ಅಲುಗುತ್ತಿತ್ತು. ಅವಳು ಕೈ ತೆಗೆಯಲಿಲ್ಲ.

ಒಳಗಿನಿಂದ ನರ್ಸಮ್ಮನ ದನಿ ಬಂದಿತು: "ಹುನಗುಂದದ ಅಂದಾನಪ್ಪ ಯಾರ್ರಿ?"

ಅವನು ಕಣ್ಣು ಮುಚ್ಚಿಕೊಂಡೇ ಎದ್ದು ನಿಂತು, ಹೆಂಡತಿಯ ಕಡೆಗೆ ಕೈ ಚಾಚಿದನು. "ಹಿಡಿ. ಎಲ್ಲಿ ತಿರುಗಬೇಕು ನೀನ ಹೇಳು," ಎಂದನು.